ನಲವತ್ತೇಳನೆಯ ಪುಟದ ಜಾಹೀರಾತು

ನಾನು ಒಂದು ಪತ್ರಿಕೆ ಎಂದು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ. ನನ್ನ ನೂರಿಪ್ಪತ್ತು ಪುಟಗಳಲ್ಲಿ ಎಂಬತ್ತು ಬರೀ ಜಾಹೀರಾತು. ಉಳಿದವುಗಳಲ್ಲಿ ಲೇಖನಗಳಿವೆ ಅನ್ನಿ, ಆದರೆ ಅವನ್ನು ಯಾರಾದರೂ ಓದಿದ್ದನ್ನು ನಾನಂತೂ ಕಂಡಿಲ್ಲ. 1987ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಮುದ್ರಣಾಲಯದಲ್ಲಿ ಹುಟ್ಟಿದೆ. ಬೆನ್ನಿಗೆ ಎರಡು ಪಿನ್ನು ಹೊಡೆದು, ಮೂರು ಕಡೆ ಅಂಚು ಕತ್ತರಿಸಿ, ಅಣ್ಣತಮ್ಮಂದಿರ ಜೊತೆ ಕಟ್ಟಿ ಹೊರಗೆ ಕಳಿಸಿದರು.

ನನ್ನೊಳಗೆ ಇದ್ದದ್ದು ಸ್ಕೇಟ್‌ಬೋರ್ಡಿನ ಲೋಕ. ಅಂದರೆ ನಾಲ್ಕು ಪುಟ್ಟ ಗಾಲಿಗಳ ಒಂದು ಹಲಗೆ, ಅದರ ಮೇಲೆ ನಿಂತು ಜಾರುವ, ಹಾರುವ, ಬೀಳುವ ಹರೆಯದವರು. ಆ ಜಾಹೀರಾತುಗಳ ಅಂದವೇ ಅಂದ! ಗಾಲಿಗಳನ್ನು ಪೆಪ್ಪರಮಿಂಟಿನಂತೆ ಗುಲಾಬಿ, ಹಸಿರು, ಹಳದಿ ಎಂದು ಸಾಲಾಗಿ ಜೋಡಿಸಿದ್ದರು. ಹಲಗೆಗಳ ತಳದಲ್ಲಿ ಬುರುಡೆ, ಹಾವು, ಉರಿಯುವ ಕಣ್ಣು. ಒಂದು ಬೂಟಿನ ಕಂಪನಿಯಂತೂ ತನ್ನ ಬೂಟು ತೊಟ್ಟವನು ಬಿದ್ದರೂ ಚೆಂದವಾಗಿಯೇ ಬೀಳುತ್ತಾನೆ ಎಂದು ಕೊಚ್ಚಿಕೊಂಡಿತ್ತು. ಸುಳ್ಳೇ ಇರಬಹುದು. ಈಗ ಬಣ್ಣ ಮಾಸಿ ಕೂತಿರುವಾಗ ಆ ಸುಳ್ಳುಗಳೂ ಪ್ರೀತಿ ಹುಟ್ಟಿಸುತ್ತವೆ.

ನನ್ನ ಮೊದಲ ಮನೆ ಅಲ್ಲಿಯೇ ಒಂದು ಕ್ಷೌರದಂಗಡಿ. ಸರದಿಗೆ ಕಾಯುವವರು ನನ್ನನ್ನು ತಿರುವಿಹಾಕಿ ಕೆಳಗಿಡುತ್ತಿದ್ದರು. ನನ್ನನ್ನು ನೋಡಿ ಯಾರೊಬ್ಬರೂ ಏನನ್ನೂ ಕೊಂಡದ್ದು ಗೊತ್ತಿಲ್ಲ. ವರ್ಷದ ಮೇಲೆ ಹೊಸ ಸಂಚಿಕೆಗಳು ಬಂದವು, ನಾನು ಕಸದ ಡಬ್ಬಿ ಸೇರಿದೆ. ಅಲ್ಲಿಂದ ರದ್ದಿ ಕಾಗದದ ದೊಡ್ಡ ಗಂಟಿನಲ್ಲಿ ನನ್ನನ್ನು ಹಿಂಡಿ ಕಟ್ಟಿ ಹಡಗು ಹತ್ತಿಸಿದರು. ಮದರಾಸಿನಲ್ಲಿ ಇಳಿದು, ಲಾರಿಯಲ್ಲಿ ನಂಜನಗೂಡಿನ ಒಂದು ಚಿಕ್ಕ ಕಾಗದದ ಕಾರ್ಖಾನೆಗೆ ಬಂದೆ. ಅಲ್ಲಿ ನಮ್ಮನ್ನೆಲ್ಲ ನೀರಿನಲ್ಲಿ ನೆನೆಸಿ, ಅರೆದು, ಹೊಸ ಕಾಗದ ಮಾಡುತ್ತಾರೆ. ನನ್ನ ಕಥೆ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯದೆ ಇದ್ದದ್ದು ಜೂನ್ ತಿಂಗಳಿನ ದೆಸೆಯಿಂದ. ರದ್ದಿ ಆರಿಸುವ ಹೆಂಗಸರು ಕಾರ್ಖಾನೆಯಿಂದ ಒಂದು ಚೂರು ಕಾಗದವನ್ನೂ ಹೊರಗೆ ಒಯ್ಯುವಂತಿರಲಿಲ್ಲ. ಆದರೆ ಶಾಲೆ ಶುರುವಾಗುವ ವಾರ ಮಾತ್ರ ಮೇಸ್ತ್ರಿ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಆಳಿಗೊಂದು ಬಣ್ಣದ ಪತ್ರಿಕೆ. ಫಾರಿನ್ ಪತ್ರಿಕೆಯ ನುಣುಪು ಹಾಳೆಯಿಂದ ಬೈಂಡ್ ಹಾಕಿದರೆ ತರಗತಿಯಲ್ಲಿ ಗತ್ತೇ ಬೇರೆ. ಪುಟ್ಟಮಾದಮ್ಮ ಎಂಬಾಕೆ ರಾಶಿಯಿಂದ ನನ್ನನ್ನು ಎಳೆದು, ಸೀರೆಯ ಮಡಿಲಿಗೆ ಸಿಕ್ಕಿಸಿಕೊಂಡು ಗೇಟು ದಾಟಿದಳು.

ಆ ಮನೆಯಲ್ಲಿ ಮೂವರು. ಗಂಡನನ್ನು ಕಳೆದುಕೊಂಡಿದ್ದ ಪುಟ್ಟಮಾದಮ್ಮ, ಆರನೇ ತರಗತಿಯ ಮಗಳು ಜಯಶೀಲ, ಪುಟ್ಟಮಾದಮ್ಮನ ತಮ್ಮ ಗುರುಮಲ್ಲ. ಗುರುಮಲ್ಲನಿಗೆ ಮಗುವಾಗಿದ್ದಾಗಲೇ ಪೋಲಿಯೋ ಬಂದು ಎರಡೂ ಕಾಲು ಸೊರಗಿದ್ದವು. ಅಕ್ಕ ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟು ಕರೆತಂದು ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದ್ದಳು. ಇಪ್ಪತ್ತೆರಡರ ಆಳನ್ನು ಈಗಲೂ ಆಸ್ಪತ್ರೆಗೆ, ಕಟಿಂಗ್ ಶಾಪಿಗೆ ಅವಳೇ ಹೊರುತ್ತಿದ್ದಳು.

ಆಗ ತಾನೇ ಅವನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತು ಮಂಜೂರಾಗಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯಬೇಕು, ತೆಗೆಯದಿದ್ದರೆ ಪಟ್ಟಿಯಲ್ಲಿ ಮುಂದಿನವನಿಗೆ ಹೋಗುತ್ತದೆ ಎಂದು ಟೆಲಿಫೋನ್ ಇಲಾಖೆಯ ಸಾಹೇಬರು ಖಡಾಖಂಡಿತವಾಗಿ ಹೇಳಿದ್ದರು. ಪುಟ್ಟಮಾದಮ್ಮನ ಪಾಳಿ ಶುರುವಾಗುವುದು ಆರಕ್ಕೆ. ಮೂರು ಗಾಲಿಯ ಸೈಕಲ್ಲಿಗೆ ಹಾಕಿದ್ದ ಅರ್ಜಿ ಎರಡು ವರ್ಷದಿಂದ ಎಲ್ಲೋ ನಿದ್ದೆ ಹೊಡೆಯುತ್ತಿತ್ತು. ಉಳಿದದ್ದು ಒಂದೇ ದಾರಿ, ಬೇರಿಂಗಿನ ಗಾಲಿ ಹಾಕಿದ, ಕೂತು ಕೈಯಿಂದ ತಳ್ಳಿಕೊಂಡು ಹೋಗುವ ಮರದ ಹಲಗೆ. ಅದರ ಮಾತೆತ್ತಿದರೆ ಗುರುಮಲ್ಲ ಸಿಡಿಮಿಡಿಗೊಳ್ಳುತ್ತಿದ್ದ.

“ದೇವಸ್ಥಾನದ ಮುಂದೆ ತಟ್ಟೆ ಹಿಡ್ದು ಕೂರೋರ ಹಲ್ಗೆ ಅದು. ಅದ್ರ ಮ್ಯಾಲೆ ಮಾತ್ರ ನಾ ಕೂರಕಿಲ್ಲ ಕನಕ್ಕ. ಬೂತ್ ಹೋದ್ರೆ ಹೋಗ್ಲಿ,” ಎನ್ನುತ್ತಿದ್ದ.

ಬೂತು ತೆರೆಯಲು ಇನ್ನು ಇಪ್ಪತ್ತೇ ದಿನ. ಆ ಭಾನುವಾರ ಪುಟ್ಟಮಾದಮ್ಮ ಬೈಂಡ್ ಹಾಕಲು ಕೂತು, ನನ್ನ ಪಿನ್ನು ಬಿಚ್ಚಿ ಹಾಳೆ ಎತ್ತತೊಡಗಿದಳು. ನಲವತ್ತೇಳನೆಯ ಪುಟ ಬಂದಾಗ ಅವಳ ಕೈ ನಿಂತಿತು. ಅದೊಂದು ಹಲಗೆ ಕಂಪನಿಯ ಜಾಹೀರಾತು. ಒಬ್ಬ ಯುವಕ ಹಲಗೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಒಂದು ಕೈಯನ್ನು ನೆಲಕ್ಕೆ ಊರಿ ರಭಸವಾಗಿ ತಿರುಗುತ್ತಿದ್ದಾನೆ. ಎದುರಿನಿಂದ ತೆಗೆದ ಚಿತ್ರವಾದ್ದರಿಂದ ಮಂಡಿಯ ಕೆಳಗಿನ ಕಾಲು ಕಾಣುವುದಿಲ್ಲ. ಮಂಡಿಗೆ ದಪ್ಪನೆಯ ಪಟ್ಟಿ ಕಟ್ಟಿದ್ದಾನೆ, ಕೈಗೆ ತೊಗಲಿನ ಗವಸು ತೊಟ್ಟಿದ್ದಾನೆ. ನಂಜನಗೂಡಿನ ದೇವಸ್ಥಾನದ ಮುಂದೆ ತೆವಳುವವರೂ ಮಂಡಿಗೆ ಲಾರಿ ಟೈರಿನ ತುಂಡು ಕಟ್ಟುತ್ತಾರೆ, ಕೈಗೆ ಹವಾಯಿ ಚಪ್ಪಲಿ ತೊಡುತ್ತಾರೆ. ಅದನ್ನು ದಿನಾ ನೋಡುವ ಪುಟ್ಟಮಾದಮ್ಮನಿಗೆ ಇನ್ನೇನು ಅನ್ನಿಸಬೇಕು?

“ಲೋ ಗುರುಮಲ್ಲ, ನೋಡ್ಲಾ ಇಲ್ಲಿ! ಇವುನ್ಗೂ ನಿನ್ನಂಗೆಯ ಕಾಲಿಲ್ಲ. ಅಮೇರಿಕದಲ್ಲಿ ನಡೆಯಕಾಗ್ದೋರ್ಗೆ ಎಂಥ ಗಾಡಿ ಮಾಡವ್ರೆ ನೋಡು. ಮೊಕದಾಗೆ ಎಷ್ಟು ಗತ್ತು! ಇವ ಯಾವನ್ತಾವ ಕೈ ಚಾಚಾನು?”

“ಬೇರೆ ಪುಟ್ದಲ್ಲಿ ಎಲ್ರೂ ನಿಂತವ್ರಲ್ಲವ್ವ,” ಎಂದಳು ಜಯಶೀಲ.

“ಅವ್ರು ಮಾರೋರು ಕನವ್ವ. ಹಲ್ಗೆ ಮುರಿಯಕಿಲ್ಲ ಅಂತ ತೋರ್ಸಕೆ ಮ್ಯಾಲೆ ನಿಂತವ್ರೆ.”

ನಾನು ಒಳಗೊಳಗೇ ನಕ್ಕೆ. ಆಮೇಲೆ, ನಿಜ ಗೊತ್ತಾದರೆ ಗುರುಮಲ್ಲ ಒಪ್ಪಲಾರ ಎಂದು ಭಯವಾಯಿತು. ಗುರುಮಲ್ಲ ಆ ಪುಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅಕ್ಕನ ಮುಖವನ್ನೂ ನೋಡಿದ. ಕೊನೆಗೆ, “ಇಂಥದ್ದಾದ್ರೆ ಕೂತ್ಕತೀನಿ,” ಎಂದ.

ಅವಳು ಅವತ್ತೇ ಆ ಹಾಳೆಯನ್ನು ಮಡಚಿಕೊಂಡು ಬಡಗಿ ಕಾಳಾಚಾರಿಯ ಹತ್ತಿರ ಓಡಿದಳು. ಕಾಳಾಚಾರಿಗೆ ಇಂಗ್ಲಿಷ್ ಬಾರದು, ಆದರೆ ಪುಟದ ಕೆಳಗೆ ಗಾಲಿಯ ಭಾಗಗಳನ್ನು ಬಿಚ್ಚಿ ತೋರಿಸಿದ್ದ ಚಿತ್ರವನ್ನು ಅವನು ಓದಿದಂತೆ ಬೇರೆ ಯಾರೂ ಓದಿಲ್ಲ. “ಇಲ್ ನೋಡು ಪುಟ್ಮಾದಮ್ಮ, ಗಾಲಿ ಅಚ್ಚಿಗೂ ಹಲ್ಗೆಗೂ ನಡುವೆ ರಬ್ಬರ್ ಮಡಗವ್ರೆ. ಮೈಯ ಒಂದ್ ಕಡಿಕೆ ವಾಲಿಸ್ದ್ರೆ ಸಾಕು, ಗಾಡಿ ತಾನೇ ತಿರಿಕತದೆ,” ಎಂದ. ಕೂರಲು ಅನುಕೂಲವಾಗಲೆಂದು ಹೊನ್ನೆ ಮರದ ಹಲಗೆಯನ್ನು ಚಿತ್ರದಲ್ಲಿದ್ದುದಕ್ಕಿಂತ ಒಂದು ಗೇಣು ಅಗಲ ಮಾಡಿದ. ಗ್ಯಾರೇಜಿನ ಹಳೆಯ ಬೇರಿಂಗಿಗೆ ಟೈರಿನ ಪಟ್ಟಿ ಸುತ್ತಿ ಗಾಲಿ ಮಾಡಿದ, ರಬ್ಬರಿನ ಜಾಗಕ್ಕೆ ಚಪ್ಪಲಿಯ ಅಟ್ಟೆ ಕತ್ತರಿಸಿ ಹಾಕಿದ. ತಳದಲ್ಲಿ ಬುರುಡೆ ಬೇಡವೇ ಬೇಡ ಎಂದಳು ಪುಟ್ಟಮಾದಮ್ಮ. ಜಯಶೀಲ ಅಲ್ಲಿ ಒಂದು ಗಿಳಿ ಬರೆದಳು.

ನನ್ನ ಉಳಿದ ಬಣ್ಣದ ಹಾಳೆಗಳು ಜಯಶೀಲಳ ಪುಸ್ತಕಗಳನ್ನು ಅಪ್ಪಿಕೊಂಡು ಶಾಲೆಗೆ ಹೋದವು. ಗಣಿತದ ಮೇಲೆ ಗಾಲಿ, ವಿಜ್ಞಾನದ ಮೇಲೆ ಬೂಟು. ಡ್ರಿಲ್ ಮಾಸ್ತರು ಒಂದು ದಿನ ಗಣಿತದ ಪುಸ್ತಕವನ್ನು ಎತ್ತಿ ನೋಡಿ, “ಓಹೋ, ಸ್ಕೇಟ್‌ಬೋರ್ಡು! ಅಲ್ಲಿಯ ಮಕ್ಕಳು ಇದರ ಮೇಲೆ ನಿಂತು ಆಟ ಆಡ್ತಾರಮ್ಮ,” ಎಂದರು. ಜಯಶೀಲಳ ಮುಖ ಸಪ್ಪಗಾಯಿತು. ಆಟದ ಸಾಮಾನು ಎಂದು ಗೊತ್ತಾದರೆ ಮಾವ ಆ ಹಲಗೆ ಹತ್ತುವುದೇ ಇಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಹೇಳದೆ ಇದ್ದರೆ ಊರಿನವರು ಯಾರಾದರೂ ಹೇಳಿ ನಗಬಹುದು.

ಹೇಳಿಯೇಬಿಡೋಣ ಎಂದು ಅವಳು ಮನೆಗೆ ಬಂದದ್ದು ಗಾಡಿ ಮನೆ ಸೇರಿದ ದಿನವೇ. ಗುರುಮಲ್ಲ ಬೀದಿಯಲ್ಲಿದ್ದ. ಕೈಗೆ ಚಪ್ಪಲಿ ತೊಟ್ಟು ನೆಲವನ್ನು ಒಂದು ಸಲ ತಳ್ಳಿದ, ಎರಡು ಸಲ ತಳ್ಳಿದ, ಬೀದಿಯ ತಿರುವಿನಲ್ಲಿ ಮೈ ವಾಲಿಸಿದ. ಗಾಡಿ ತಿರುಗಿ ಕಣ್ಮರೆಯಾಯಿತು. ಪುಟ್ಟಮಾದಮ್ಮ ಬಾಗಿಲಲ್ಲಿ ನಿಂತು ಎರಡು ಕೈಯಿಂದ ಸೊಂಟವನ್ನು ಹಿಡಿದುಕೊಂಡಿದ್ದಳು. ತಮ್ಮ ತನ್ನ ಬೆನ್ನ ಮೇಲಿಲ್ಲದೆ ಬೀದಿ ದಾಟಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಜಯಶೀಲ ಪುಸ್ತಕದ ಚೀಲವನ್ನು ಒಳಗಿಟ್ಟು ಬಾಯಿ ಮುಚ್ಚಿಕೊಂಡಳು.

ಗೊತ್ತುಮಾಡಿದ್ದ ದಿನವೇ ಬೂತು ತೆರೆಯಿತು. ಹದಿನೈದು ವರ್ಷ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ. ಗುರುಮಲ್ಲ ನಲವತ್ತೇಳನೆಯ ಪುಟಕ್ಕೆ ಕಟ್ಟು ಹಾಕಿಸಿ ಫೋನಿನ ಮೇಲೆಯೇ ತೂಗುಹಾಕಿದ್ದ. ಮನೆಯ ಟ್ರಂಕಿನೊಳಗಿದ್ದ ನನ್ನ ಉಳಿದ ಮೈಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಇತ್ತೆಂದರೆ ಸುಳ್ಳಲ್ಲ. ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಬೂತು ಜೆರಾಕ್ಸ್ ಅಂಗಡಿಯಾಯಿತು, ಹಲಗೆ ಹೋಗಿ ಮೂರು ಗಾಲಿಯ ಸ್ಕೂಟರ್ ಬಂತು. ಕಟ್ಟು ಬಿಚ್ಚಿ ಆ ಪುಟವನ್ನೂ ನನ್ನ ಜೊತೆ ಮಲಗಿಸಿದರು. ಬೈಂಡ್ ಆಗಿದ್ದ ಹಾಳೆಗಳು ಮಡಿಕೆಯ ಗುರುತು ಹೊತ್ತು ಅದಕ್ಕೂ ಮುಂಚೆಯೇ ಮರಳಿದ್ದವು.

ಹೋದ ವಾರ ಜಯಶೀಲ ಟ್ರಂಕು ತೆಗೆದಳು. ಈಗ ಅವಳೇ ಶಾಲೆಯ ಟೀಚರು. ಗುರುಮಲ್ಲನಿಗೆ ತಲೆ ಪೂರ್ತಿ ಬೆಳ್ಳಗಾಗಿದೆ. ಇಬ್ಬರೂ ನನ್ನ ಜಾಹೀರಾತುಗಳನ್ನು ಒಂದೊಂದಾಗಿ ತಿರುವಿ, ಗಾಲಿಯ ಬಣ್ಣಕ್ಕೆ ಬೆರಗಾಗುತ್ತ, ಬೂಟಿನ ಜಂಬಕ್ಕೆ ನಗುತ್ತ ಕೂತಿದ್ದರು. ನಲವತ್ತೇಳನೆಯ ಪುಟ ಬಂದಾಗ ಜಯಶೀಲ ತಡೆಯಲಾರದೆ ಮೆಲ್ಲಗೆ ಹೇಳಿಬಿಟ್ಟಳು.

“ಮಾವ, ಇದು ಆಟದ ಗಾಡಿ. ಇವನಿಗೆ ಕಾಲು ಅವೆ. ನಂಗೆ ಆಗಲೇ ಗೊತ್ತಾಗಿತ್ತು, ಹೇಳ್ನಿಲ್ಲ.”

ಗುರುಮಲ್ಲ ಹಾಳೆಯನ್ನು ಮಗುಚಿದ. ಅದರ ಹಿಂಬದಿಯ ಮೂಲೆಯಲ್ಲಿ ಅದೇ ಯುವಕ, ಅದೇ ಅಂಗಿ, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿರುವ ಹೆಬ್ಬೆರಳು ಗಾತ್ರದ ಚಿತ್ರ.

“ಆ ಭಾನುವಾರನೇ ನೋಡ್ದೆ ಕನವ್ವ. ಎಸ್ಸೆಸ್ಸೆಲ್ಸಿ ಓದಿದ್ನಲ್ಲ, ಸ್ಪೋರ್ಟ್ಸ್ ಅಂತ ಬರ್ದಿದ್ದೂ ತಿಳೀತು. ಆದ್ರೆ ಅಕ್ಕನ ಮೊಕ ನೋಡ್ದೆ. ನಾ ಬ್ಯಾಡ ಅಂದಿದ್ರೆ ಅವ್ಳು ಇನ್ನೂ ನನ್ನ ಹೊರ್ತಾನೇ ಇರೋಳು.”

ಗೋಡೆಗೆ ಒರಗಿ ತೂಕಡಿಸುತ್ತಿದ್ದ ಪುಟ್ಟಮಾದಮ್ಮ ಕಣ್ಣು ಬಿಟ್ಟಳು. “ಏನ್ಲಾ ಗುಸುಗುಸು? ಆ ಚಿತ್ರನಾ? ಕೊಡಿ ಇತ್ತಗೆ.” ಪುಟವನ್ನು ಮುಖದ ಹತ್ತಿರ ಹಿಡಿದು ಬೆರಳಿನಿಂದ ಯುವಕನ ಕೆನ್ನೆ ಸವರಿದಳು. “ಪಾಪ, ಇವುನ್ಗೂ ವಯಸ್ಸಾಗಿರ್ತದೆ. ಯಾರವ್ರೋ ನೋಡ್ಕಳಕೆ. ಇವುನ್ಗೂ ಒಬ್ಳು ಅಕ್ಕ ಇದ್ದಾಳು, ಅಲ್ವೇನ್ಲಾ?”

“ಇರ್ತಾಳೆ ಕನಕ್ಕ,” ಎಂದ ಗುರುಮಲ್ಲ.