ಸಿಮೆಂಟಿನೊಳಗೆ ನನ್ನ ಮುಖ

ನಾನು ಕೈಯಿಂದ ಮಾಡಿದ ಮಣ್ಣಿನ ಟೈಲು. ಹುಬ್ಬಳ್ಳಿಯ ಒಂದು ಒಳಾಂಗಣ ವಿನ್ಯಾಸ ಕಾಲೇಜಿನ ಗೋಡೆಯಲ್ಲಿದ್ದೇನೆ. ಬಂದವರೆಲ್ಲ ಮುಟ್ಟಿ ಮೆಚ್ಚುವುದು ನನ್ನ ಬೆನ್ನನ್ನು. ಮುಖ ಸಿಮೆಂಟಿನೊಳಗಿದೆ. ನನ್ನ ಮಾತು ಒರಟಾಗಿ ಕೇಳಿಸಿದರೆ ಕೇಳಿಸಲಿ.

ನಾನು ಹುಟ್ಟಿದ್ದು ಖಾನಾಪುರದಲ್ಲಿ, ಕುಂಬಾರರ ನೀಲವ್ವನ ಅಂಗಳದಲ್ಲಿ. ತುಳಿದು ಹದಮಾಡಿದ ಮಣ್ಣನ್ನು ಅವಳು ಹಲಗೆಯ ಮೇಲಿನ ಮರದ ಚೌಕಟ್ಟಿಗೆ ತುಂಬಿ ತಟ್ಟುತ್ತಿದ್ದಳು. ಮಣ್ಣು ಹಸಿಯಿರುವಾಗಲೇ ಅದರ ಮೇಲೆ ಬೆರಳುಗಳನ್ನು ಒಂದೇ ಉಸಿರಿಗೆ ಎಳೆಯುತ್ತಿದ್ದಳು. ಆ ಗೀರುಗಳೇ ಟೈಲಿನ ಮುಖ. ಬಿಸಿಲು ಓರೆಯಾಗಿ ಬಿದ್ದರೆ ಅವು ಕದಲಿದಂತೆ ಕಾಣುತ್ತವೆ. ಹಲಗೆಗೆ ಅಂಟಿದ ಬದಿ ಬೆನ್ನು. ಹಲಗೆಯ ಗುರುತು ಬಿಟ್ಟರೆ ಅಲ್ಲಿ ನೋಡುವಂಥದ್ದೇನೂ ಇಲ್ಲ.

ಕಾಲೇಜಿನ ಹಜಾರದಲ್ಲಿ ಒಂದು ಗೋಡೆ ಕಟ್ಟಬೇಕೆಂದು ತನುಜಾ ಮೇಡಂ ತಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದರು. ನೀಲವ್ವನ ನಾಲಿಗೆ ಬಲು ಚುರುಕು. "ಉಗುರು ತಗದು ಕುಂದರ್ರೆವ್ವಾ. ಮಣ್ಣು ತೀಡೂದೈತಿ, ಪರಚೂದಲ್ಲ" ಎಂದಳು. ಶರ್ವಾಣಿ ಎಂಬ ಹುಡುಗಿ ನನ್ನನ್ನು ಮಾಡಿದಳು. ಅವಳ ಬೆರಳು ಅಳುಕಿ ಗೀರುಗಳು ನಡುವೆ ಬಾಗಿದವು. ಮುದ್ದೆ ಮಾಡಿ ಮತ್ತೆ ತಟ್ಟುತ್ತೇನೆಂದು ಹೊರಟವಳನ್ನು ನೀಲವ್ವ ಬಿಡಲಿಲ್ಲ. ಮಾಡಿದ್ದು ನಿನ್ನ ಕೈ, ನಿನ್ನ ಕೈಯ ಹಾಗೇ ಇರಲಿ ಎಂದಳು.

ಆವಿಗೆಯ ಬೆಂಕಿಯನ್ನು ತಡೆದುಕೊಂಡೆ. ಲಾರಿಯ ಕುಲುಕಾಟವನ್ನೂ ತಡೆದುಕೊಂಡೆ. ಗೋಡೆಯ ಮುಂದೆ ಗೌಂಡಿ ಮಕ್ತುಂಸಾಬ ನನ್ನನ್ನು ತಿರುಗಿಸಿ ನೋಡಿದ. ಅದುವರೆಗೆ ಅವನು ಹಚ್ಚಿದ್ದೆಲ್ಲ ಫ್ಯಾಕ್ಟರಿ ಟೈಲು. ಅವುಗಳ ಬೆನ್ನಿಗೆ ಗೆರೆಗಳಿರುತ್ತವೆ, ಸಿಮೆಂಟು ಹಿಡಿಯಲೆಂದು. ನನ್ನ ಗೀರುಗಳನ್ನೂ ಅವನು ಹಾಗೆಯೇ ತಿಳಿದ. ಮೇಡಂ ಕೂಡ, ಹಿಡಿತ ಗಟ್ಟಿಯಾಗುತ್ತದೆ ಎಂದು ತಲೆಯಾಡಿಸಿದರು. ಇವರಿಬ್ಬರನ್ನು ನಾನು ಎಂದೋ ಮನ್ನಿಸಿದ್ದೇನೆ. ಆದರೆ ನನ್ನನ್ನು ಎತ್ತಿಕೊಡುತ್ತಿದ್ದವಳು ಶರ್ವಾಣಿ.

"ಮೇಡಂ, ಇದು..." ಎಂದಳು.

ಮೇಡಂ ತಿರುಗಿ ನೋಡಿದರು. ತರಗತಿಯೆಲ್ಲ ನೋಡಿತು.

"ಏನಿಲ್ಲ ಬಿಡ್ರಿ."

ನನ್ನ ಮುಖಕ್ಕೆ ಸಿಮೆಂಟು ಮೆತ್ತಿಕೊಂಡಿತು. ಹಸಿಯಿದ್ದಾಗ ಕೀಳಬಹುದಿತ್ತು. ಅವಳು ಅಲ್ಲೇ ನಿಂತು, ಉಳಿದ ಟೈಲುಗಳನ್ನೂ ಒಂದೊಂದಾಗಿ ಎತ್ತಿಕೊಟ್ಟಳು. ಅವೂ ಮುಖ ಒಳಗಾಗಿಯೇ ಕೂತವು.

ಉದ್ಘಾಟನೆಯ ದಿನ ನೀಲವ್ವನಿಗೆ ಶಾಲು ಹೊದಿಸಿದರು. ಅವಳು ಎದ್ದು ಬಂದು ಗೋಡೆಯ ಮೇಲೆ ಅಂಗೈ ಆಡಿಸಿದಳು. ಆ ಕೈ ನನ್ನ ಮೇಲೆ ಬಂದು ನಿಂತಿತು. ಮೇಡಂಗೆ ಒಂದು ಮಾತೂ ಅನ್ನಲಿಲ್ಲ. ಗುಂಪಿನಲ್ಲಿ ಶರ್ವಾಣಿಯನ್ನು ಹುಡುಕಿ ಕೇಳಿದಳು:

"ಇದನ್ನ ಹಚ್ಚೂ ಮುಂದ ನೀ ಇದ್ದಿಲ್ಲೇನ?"

"ಇದ್ದೆ, ಆಯಿ."

"ಮತ್ತ ಬಾಯಿ ಎಲ್ಲಿಟ್ಟಿದ್ದಿ?"

ಶಾಲನ್ನು ಕುರ್ಚಿಯ ಮೇಲೆ ಹಾಕಿ, ಊಟಕ್ಕೂ ನಿಲ್ಲದೆ ಹೊರಟುಹೋದಳು. ಬಸ್ಸಿಗೆ ಹೊತ್ತಾಯಿತೇನೋ ಎಂದು ಮೇಡಂ ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಈಗ ನನಗೆ ವಯಸ್ಸಾಗಿದೆ. ನನ್ನ ಮೂಲೆಗೆ ಯಾರೋ ಮೊಳೆ ಹೊಡೆದಿದ್ದಾರೆ, ಬೆನ್ನಿಗೆ ವಾರ್ನಿಶ್ ಬಳಿದಿದ್ದಾರೆ. ಮುಖ ಇನ್ನು ಹೊರಗೆ ಬರುವುದಿಲ್ಲ. ಕಿತ್ತರೆ ಅದು ಸಿಮೆಂಟಿನಲ್ಲೇ ಉಳಿಯುತ್ತದೆ. ಗೋಡೆ ಒಡೆಯಿರಿ ಎಂದು ನಾನು ಕೇಳುತ್ತಿಲ್ಲ. ಇದು ಬೆನ್ನು ಎಂದು ಒಂದು ಸಲ ಹೇಳಿದರೆ ಸಾಕು. ಆ ಮಾತು ಹೇಳಬಲ್ಲವಳು ಈ ಕಟ್ಟಡದಲ್ಲಿ ಒಬ್ಬಳೇ. ಶರ್ವಾಣಿ ಈಗ ಇಲ್ಲೇ ಮೇಡಂ. ಪ್ರತಿ ವರ್ಷ ಹೊಸಬರನ್ನು ಕರೆತಂದು, ಕೈಯ ಕೆಲಸವನ್ನು ಕಣ್ಣುಮುಚ್ಚಿ ಮುಟ್ಟಿ ತಿಳಿಯಬೇಕು ಎನ್ನುತ್ತಾಳೆ. ಅವರು ಕಣ್ಣು ಮುಚ್ಚಿ ಹಲಗೆಯ ಗುರುತನ್ನು ಸವರುತ್ತಾರೆ.

ಈ ಸಲ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಕೈ ತೆಗೆದು ಕೇಳಿದಳು:

"ಮೇಡಂ, ಇದರ ಮುಖ ಯಾವ ಕಡೆ ಐತ್ರಿ?"

ಶರ್ವಾಣಿ ನನ್ನನ್ನೇ ನೋಡುತ್ತಿದ್ದಳು. ಕಾಯಲು ಅಭ್ಯಾಸವಿದ್ದರೂ ಅಷ್ಟು ಹೊತ್ತು ನಾನು ಎಂದೂ ಕಾದಿರಲಿಲ್ಲ.

"ಇದ ಮುಖ" ಎಂದಳು.

ಹುಡುಗಿ ತಲೆಯಾಡಿಸಿ ನನ್ನ ಬೆನ್ನಿನ ಫೋಟೊ ತೆಗೆದುಕೊಂಡಳು.