ಮಂಡಳಿ ಎದ್ದು ನಿಂತ ಕಥೆ

ಭೂಮಿಯ ಮೇಲೆ ಯಾರು ಪಾದ್ರಿಯಾಗಬೇಕು, ಯಾರು ಆಗಬಾರದು ಎಂದು ತೀರ್ಮಾನಿಸುವುದು ಚರ್ಚಿನ ಗಂಟೆ ಹೊಡೆಯುವವನು. ದೇವರು ಕೂಡ ಅವನನ್ನು ಒಂದು ಮಾತು ಕೇಳಿಯೇ ಮುಂದುವರಿಯುವುದು. ಹಾಗೆಂದು ಚಹಾದಂಗಡಿಯಲ್ಲಿ ಹೇಳುತ್ತಿದ್ದವನೂ ಅವನೇ.

"ನಿನ್ನೆ ಹೊಸಬನ ಪರೀಕ್ಷೆ ಇತ್ತು. ಅವನು ಬೈಬಲ್ ಪ್ರಸಂಗ ಮಾಡ್ಬೇಕು, ಮಂಡಳಿಯ ಹಿರಿಯರು ಕೇಳ್ಬೇಕು. ಮುಗಿದ್ಮೇಲೆ ಅವರು ಎದ್ದು ನಿಂತ್ರೆ ಪಾದ್ರಿ. ಕೂತೇ ಇದ್ರೆ ಗಂಟುಮೂಟೆ ಕಟ್ಬೇಕು."

"ನಿಂತ್ರಾ?" ಅಂಗಡಿಯವನು ಕೇಳಿದ.

"ಎಲ್ಲಿ ನಿಲ್ತಾರೆ? ಎರಡನೇ ಮಾತಿಗೇ ಎಲ್ಲರ ಗದ್ದ ಎದೆಗೆ ಬಿದ್ದಿತ್ತು. ಅಧ್ಯಕ್ಷರ ಗೊರಕೆಗೆ ಕಿಟಕಿ ಗಾಜೇ ಉದುರಿತು. ಪ್ರಸಂಗ ಮುಗಿಸಿ ಅವನು ಬೆವರ್ತಾ ನಿಂತಿದ್ದ, ಪಾಪ. ನಾನು ಅಳೆದೂ ತೂಗಿ ನೋಡಿದೆ, ಯೋಗ್ಯ ಅನ್ನಿಸ್ತು, ಗಂಟೆ ಹಗ್ಗ ಎಳೆದೆ. ಗಂಟೆ ಕೇಳಿದ್ರೆ ಎದ್ದು ನಿಲ್ಲೋದು ಅವರಿಗೆ ರೂಢಿ. ದಡಬಡ ಎದ್ರು. ಅಧ್ಯಕ್ಷರು ಕಣ್ಣುಜ್ಜಿಕೊಂಡು, 'ಸರ್ವಾನುಮತ' ಅಂದ್ರು."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಲೋಟ ಹಿಡಿದು ಕೂತಿದ್ದವರು ಹೊಸ ಪಾದ್ರಿಯೇ.

"ಅಂತೂ ಒಬ್ಬರಾದ್ರೂ ಕೇಳಿದ್ರಲ್ಲ, ಅಣ್ಣ," ಎಂದರು ಅವರು. "ಯಾವ ಮಾತು ಹಿಡಿಸ್ತು ಹೇಳಿ. ಭಾನುವಾರವೂ ಅದನ್ನೇ ಹೇಳ್ತೀನಿ."

ಗಂಟೆಯವನು ಸೂರು ನೋಡಿದ, ನೆಲ ನೋಡಿದ. ಪಾದ್ರಿಯ ಮುಖದಲ್ಲಿದ್ದ ಆಸೆಯನ್ನು ಕಂಡ ಮೇಲೆ, ಸಿದ್ಧವಾಗಿದ್ದ ಸುಳ್ಳನ್ನು ಕೈಬಿಟ್ಟ.

"ನಾನೂ ನಿದ್ದೆ ಹೋಗಿದ್ದೆ, ಅಯ್ಯನವ್ರೇ. ತೂಕಡಿಸಿ ಸ್ಟೂಲಿಂದ ಬೀಳೋವಾಗ ಕೈಗೆ ಸಿಕ್ಕಿದ್ದು ಆ ಹಗ್ಗ."