ಹೀಟರಿನ ಹಿಡಿಕೆ

ಶವಸಂಸ್ಕಾರಕ್ಕೆಂದು ಇಸ್ತ್ರಿ ಮಾಡಿಸಿದ್ದ ಕರಿ ಕೋಟನ್ನು ವರ್ನಾಳ ಕೈಗೆ ಕೊಟ್ಟು, ಲೈಲ್ ಹಳೆಯ ಬ್ಯೂಕ್ ಕಾರಿನ ಸ್ಟೇರಿಂಗ್ ಕೆಳಗೆ ತಲೆ ತೂರಿಸಿಕೊಂಡು ಅಂಗಾತ ಬಿದ್ದಿದ್ದ. ಪಾಲಿಶ್ ಮಾಡಿದ ಅವನ ಬೂಟುಗಳಷ್ಟೇ ಬಾಗಿಲಾಚೆ ಕಾಣುತ್ತಿದ್ದವು. ಶವದ ಗಾಡಿಯ ಹಿಂದೆ ತನ್ನ ಕಾರೇ ಬರಬೇಕೆಂದು ವರ್ನಾಳ ಅಪ್ಪ ಎಮಿಲ್ ಹೇಳಿ ಸತ್ತಿದ್ದ. ಕಾರಿನ ಬ್ರೇಕ್ ದೀಪ ನೋಡಿದರೆ ಜಪ್ಪಯ್ಯ ಅಂದರೂ ಹತ್ತುತ್ತಿಲ್ಲ. ಲೈಲ್ ವರ್ನಾಳ ಚಿಕ್ಕಪ್ಪನ ಮಗ, ಹಳೇ ಕಾರೆಂದರೆ ಊಟ ಬಿಟ್ಟು ಓಡಿ ಬರುವವನು. ಇವತ್ತೂ ಹಾಗೇ ಬಂದಿದ್ದ.

ವರ್ನಾಳ ಮನಸ್ಸು ದೀಪದ ಮೇಲಿರಲಿಲ್ಲ, ಹೂಳುವ ಗುಂಡಿಯ ಮೇಲಿತ್ತು. ಅಪ್ಪನ ಗುಂಡಿಯನ್ನು ಅಮ್ಮ ಸ್ಮಶಾನದ ಕಡೇ ಮೂಲೆಯಲ್ಲಿ, ತಂತಿಬೇಲಿಯ ಬುಡದಲ್ಲಿ ತೋಡಿಸಿದ್ದಳು. ‘ನನ್ನನ್ನ ರೂಬೆನ್ ಪಕ್ಕ ಮಲಗಿಸು’ ಎಂದು ಆಸ್ಪತ್ರೆಯಲ್ಲಿ ಅಪ್ಪ ವರ್ನಾಳ ಕೈ ಹಿಡಿದು ಕೇಳಿದ್ದ. ಬದುಕಿಡೀ ಏನನ್ನೂ ಕೇಳದ ಮನುಷ್ಯ ಕೇಳಿದ್ದು ಅದೊಂದೇ. ವಾರವೆಲ್ಲ ಅಮ್ಮನ ಕಾಲು ಹಿಡಿದದ್ದಾಯಿತು, ಪಾದ್ರಿಯಿಂದ ಹೇಳಿಸಿದ್ದಾಯಿತು. ಅಮ್ಮ ಒಪ್ಪಿದರೆ ಮಧ್ಯಾಹ್ನದೊಳಗೆ ಮಗುವಾಗಿದ್ದಾಗಲೇ ತೀರಿಹೋದ ಅವಳ ತಮ್ಮ ರೂಬೆನ್‌ನ ಪಕ್ಕದಲ್ಲೇ ಬೇರೆ ಗುಂಡಿ ತೋಡಿಸುತ್ತೇನೆ ಎಂದು ಪಾದ್ರಿ ಬೆಳಿಗ್ಗೆ ಕೂಡ ಹೇಳಿ ಕಳಿಸಿದ್ದರು. ಅವಳ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು.

“ವರ್ನಾ, ದೊಡ್ಡಪ್ಪ ಟ್ರೇಲರ್ ಎಳೀತಿದ್ರಾ?” ಎಂದ ಲೈಲ್ ಕೆಳಗಿನಿಂದ.

“ಒಂದೇ ಒಂದ್ಸಲ.”

ಆ ಒಂದು ಸಲದ ಕತೆ ಊರಲ್ಲಿ ಯಾರಿಗೆ ಗೊತ್ತಿಲ್ಲ? ಲೈಲ್ ನಾಲಿಗೆ ಕಚ್ಚಿಕೊಂಡಿರಬೇಕು. ಆದರೆ ಕಾರಿನ ವಿಷಯ ಬಂದರೆ ಅವನ ಬಾಯಿಗೆ ಬೀಗ ನಿಲ್ಲದು. ಹಾಗಾದರೆ ಈ ಹಿಡಿಕೆ ಆ ಟ್ರೇಲರಿನದೇ ಎಂದ. ವರ್ನಾ ಬಗ್ಗಿ ನೋಡಿದಳು. ಸ್ಟೇರಿಂಗ್ ಕಂಬದ ಬಲಕ್ಕೆ ಚಾಚಿಕೊಂಡಿದ್ದ, ಬೆರಳುದ್ದದ ಕರಿ ಹಿಡಿಕೆ. ಚಿಕ್ಕಂದಿನಿಂದ ನೋಡಿದ್ದೇ.

“ಅದು ಹೀಟರ್‌ದು ಕಣೋ. ಅಪ್ಪನೇ ಹೇಳಿದ್ದು.”

“ಹೀಟರ್ ಅಂತೆ ಹೀಟರ್! ಹೀಟರ್‌ಗೆ ಬ್ರೇಕ್ ಎಣ್ಣೆ ಪೈಪು ಯಾಕೆ ಬರುತ್ತೆ, ಹೇಳು? ಒಂದು ಸಣ್ಣ ಪೈಪು, ಹಿಂದಕ್ಕೆ ಹೋಗೋ ಒಂದು ದಪ್ಪ ವೈರು, ಒಳಗೆ ಸುರುಳಿ ತಂತಿ. ಇಷ್ಟು ಕಂಡ್ರೆ ಮುಗೀತು, ಇದು ಟ್ರೇಲರಿನ ಕರೆಂಟ್ ಬ್ರೇಕು. ಕಾಲಲ್ಲಿ ಒತ್ತಿದ್ರೆ ಕಾರೂ ನಿಲ್ಲುತ್ತೆ, ಟ್ರೇಲರೂ ನಿಲ್ಲುತ್ತೆ. ಈ ಹಿಡಿಕೆ ಕೆಳಗೆಳೆದ್ರೆ ಟ್ರೇಲರ್ ಒಂದೇ.”

ತನ್ನಂಥ ಹಳೇ ಕಾರಿನ ಹುಚ್ಚರು ಇದರ ಬಗ್ಗೆ ಹೇಳಿಕೊಂಡು ನಗುವುದುಂಟು ಎಂದು ಅವನೇ ಮುಂದುವರಿಸಿದ. “ಗೊತ್ತಿಲ್ಲದೋರು ಇದಕ್ಕೆ ಟೋಪಿ ನೇತುಹಾಕ್ತಾರೆ, ಚೀಲ ನೇತುಹಾಕ್ತಾರೆ. ಭಾರಕ್ಕೆ ಹಿಡಿಕೆ ಒಂಚೂರು ಇಳಿಯುತ್ತೆ. ಆಮೇಲೆ ದಾರಿಯುದ್ದಕ್ಕೂ ಟ್ರೇಲರ್ ಬ್ರೇಕು ಉಜ್ಜಿಕೊಂಡೇ ಬರುತ್ತೆ, ಕಾದು ಸುಟ್ಟುಹೋಗುತ್ತೆ. ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಏನಿರುತ್ತೆ, ಮಣ್ಣು?”

ವರ್ನಾಳ ಕೈಯಿಂದ ಕೋಟು ಜಾರಿ ನೆಲಕ್ಕೆ ಬಿತ್ತು.

“ಈ ವೈರನ್ನ ಯಾರೋ ಕತ್ತರಿಸಿ, ನೀಟಾಗಿ ಟೇಪು ಸುತ್ತಿದ್ದಾರೆ. ಬಹಳ ಹಳೇ ಕೆಲಸ,” ಎಂದ ಲೈಲ್.

*

ಆ ಬೇಸಿಗೆಯಲ್ಲಿ ವರ್ನಾಗೆ ಆರು ವರ್ಷ, ರೂಬೆನ್‌ಗೆ ನಾಲ್ಕು. ಸಕ್ಕರೆ ಕಾರ್ಖಾನೆಗೆ ರಜೆ ಹಾಕಿ ಎಮಿಲ್ ಯಾರೋ ಬಳಸಿ ಮಾರಿದ್ದ ಟ್ರೇಲರೊಂದನ್ನು ತಂದಿದ್ದ. ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ. ಚಕ್ರದ ಮೇಲಿನ ಮನೆ. ನೆಬ್ರಾಸ್ಕಾದ ಬಯಲಿನಲ್ಲಿ ಹುಟ್ಟಿ ಬೆಳೆದ ಜನ, ಬೆಟ್ಟವನ್ನು ಚಿತ್ರದಲ್ಲಿ ಕಂಡದ್ದೇ ಹೆಚ್ಚು. ಮಕ್ಕಳಿಗೆ ಬೆಟ್ಟ ತೋರಿಸಬೇಕೆಂಬ ಹುಚ್ಚು ಅವನಿಗೆ.

ಘಟ್ಟದ ಬುಡದಲ್ಲೇ ರೂಬೆನ್ ಅಮ್ಮನ ತೊಡೆಯ ಮೇಲೆ ನಿದ್ದೆ ಹೋದ. ತೊಡೆಯ ಮೇಲಿದ್ದ ಕೈಚೀಲವನ್ನು ಅಮ್ಮ ತೆಗೆದು ಎದುರಿಗಿದ್ದ ಹಿಡಿಕೆಗೆ ಸಿಕ್ಕಿಸಿದಳು. ಅದರಲ್ಲಿ ಕಾಫಿ ಫ್ಲಾಸ್ಕು, ಹಾಲಿನ ಬಾಟಲಿ, ಸೇಬು. ಹಿಂದಿನ ಸೀಟಿನಿಂದ ಕತ್ತು ಚಾಚಿಕೊಂಡಿದ್ದ ವರ್ನಾ ಪ್ರತಿ ತಿರುವಿನಲ್ಲೂ ಆ ಚೀಲ ತೂಗಾಡುವುದನ್ನು ನೋಡುತ್ತಿದ್ದಳು. ಏರು ಹತ್ತಿದಂತೆ ಕಾರು ಏದುಸಿರು ಬಿಟ್ಟಿತು. ಟ್ರೇಲರು ಭಾರ ಜಾಸ್ತಿ ಎಂದ ಅಪ್ಪ. ಏನೋ ಸುಟ್ಟ ವಾಸನೆ ಎಂದಳು ಅಮ್ಮ. ಮುಂದೆ ಹೋಗುವ ಲಾರಿಯದಿರಬೇಕು ಎಂದ.

ಇಳಿಜಾರಿನಲ್ಲಿ ಅಪ್ಪ ಎರಡೂ ಕಾಲಿನಲ್ಲಿ ಬ್ರೇಕು ತುಳಿದದ್ದು ವರ್ನಾಗೆ ನೆನಪಿದೆ. ಹಿಂದಿದ್ದ ಚಕ್ರದ ಮನೆ ಬಂದು ಕಾರನ್ನು ತಳ್ಳಿತು. ಬಂಡೆ, ಸದ್ದು, ಆಮೇಲೆ ತೆರೆದುಕೊಂಡ ಬಾಗಿಲು. ಅಮ್ಮನ ತೊಡೆಯ ಮೇಲೆ ರೂಬೆನ್ ಇರಲಿಲ್ಲ.

ಹಣೆಯಿಂದ ರಕ್ತ ಸುರಿಸಿಕೊಂಡು ಅಪ್ಪ ಕಾರಿನೊಳಗೆ ಬಗ್ಗಿದ. ಹಿಡಿಕೆಯನ್ನೇ ಒಂದು ಗಳಿಗೆ ನೋಡಿದ. ಯಾರೂ ಬರುವ ಮೊದಲೇ ಚೀಲವನ್ನು ಬಿಡಿಸಿ, ಹುಲ್ಲಿನ ಮೇಲೆ ಅಮ್ಮನ ಪಕ್ಕ ಇಟ್ಟ. ಆಮೇಲೆ ಹೋಗಿ ಮಗನ ಹತ್ತಿರ ಮಂಡಿಯೂರಿದ. ಪೊಲೀಸರು ಕೇಳಿದಾಗ, “ತಪ್ಪು ನಂದು. ಬ್ರೇಕು ತಡವಾಗಿ ಒತ್ತಿದೆ,” ಎಂದ.

ಮಗನನ್ನು ತಿಂದ ಕಾರನ್ನು ರಿಪೇರಿ ಮಾಡಿಸಿ ಓಡಿಸುತ್ತಾನಲ್ಲ, ಕಲ್ಲೆದೆಯವನು ಎಂದು ಊರು ಆಡಿಕೊಂಡಿತು. ಮುಂದಿನ ಸೀಟಿನ ಬಾಗಿಲ ಬದಿಗೆ ಅವನೊಂದು ಹಿತ್ತಾಳೆಯ ಕೊಕ್ಕೆ ಜಡಿದ. ಅಮ್ಮನ ಚೀಲಕ್ಕೆ ಎಂದ. ಅಮ್ಮ ಮತ್ತೆ ಮುಂದೆ ಕೂರಲೇ ಇಲ್ಲ.

*

ಎಂಬತ್ತು ದಾಟಿದ ಅಮ್ಮ ಒಟೀಲಿಯಾ ಮಂಚದಂಚಿನಲ್ಲಿ ಕೂತು ಕರಿ ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ವರ್ನಾ ಬಾಗಿಲು ಹಾಕಿಕೊಂಡು ಬಂದು ಎದುರಿಗೆ ನಿಂತಳು. ಹೇಳಿಯೇಬಿಡುವುದೆಂದು ಮೆಟ್ಟಿಲು ಹತ್ತಿ ಬಂದಿದ್ದಳು. ಅಪ್ಪ ಬೇಲಿಯ ಬುಡಕ್ಕೆ ಹೋಗಬಾರದು, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

“ಅಮ್ಮಾ, ಇನ್ನೂ ಹೊತ್ತಿದೆ. ಪಾದ್ರಿಗೆ ಒಂದು ಮಾತು ಹೇಳಮ್ಮ.”

“ಶುರು ಮಾಡಬೇಡ.”

“ಅಪ್ಪಂದು ತಪ್ಪಿರಲಿಲ್ಲ.”

“ಮಗು ರಕ್ತದಲ್ಲಿ ಬಿದ್ದಿತ್ತು ವರ್ನಾ. ನಿಮ್ಮಪ್ಪ ನನ್ನ ಚೀಲ ಎತ್ತಿಡ್ತಿದ್ರು. ಚೀಲ! ಅದನ್ನ ನಾನು ಸಾಯೋತನಕ ಮರೆಯಲ್ಲ.”

ವರ್ನಾಳ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದಳು ಕೂಡ.

“ನಿನಗೇನು ಗೊತ್ತು,” ಎಂದಳು ಅಮ್ಮ. ದನಿ ಈಗ ಮೆತ್ತಗಾಗಿತ್ತು. “ದಿನಾ ರಾತ್ರಿ ದೇವರನ್ನ ಕೇಳ್ತೀನಿ. ನಾನೇನಾದ್ರೂ ಮಾಡಿದ್ನಾ? ಮಗೂನ ಸರಿಯಾಗಿ ಹಿಡ್ಕೊಂಡಿರ್ಲಿಲ್ವಾ? ಹಿಡ್ಕೊಂಡಿದ್ದೆ. ಎರಡು ಕೈಲೂ ಹಿಡ್ಕೊಂಡಿದ್ದೆ. ಚೀಲ ಕೂಡ ತೆಗೆದಿಟ್ಟು ಹಿಡ್ಕೊಂಡಿದ್ದೆ. ನನ್ನ ಕೈಯಿಂದ ತಪ್ಪಾಗಿಲ್ಲ. ಅದೊಂದು ಇದೆ ಅಂತ ಬದುಕಿದೀನಿ ನಾನು.”

ಅವಳು ಅಂಗೈಗಳೆರಡನ್ನೂ ಮಗಳ ಮುಂದೆ ಹಿಡಿದಳು. ವರ್ನಾ ಆ ಕೈಗಳನ್ನು ನೋಡಿದಳು. ಅಯ್ಯೋ ಅಪ್ಪಾ, ಇದನ್ನು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಅನ್ನ ತಿಂದೆ ಎಂದುಕೊಂಡಳು. ಹೇಳಿದರೆ ಇವಳು ಉಳಿಯುವುದಿಲ್ಲ, ಹೇಳದಿದ್ದರೆ ಅವನಿಗೆ ಮಗನ ಪಕ್ಕವಿಲ್ಲ.

“ಏನೋ ಹೇಳ್ತಿದ್ದೆಯಲ್ಲ,” ಎಂದಳು ಅಮ್ಮ.

“ಏನಿಲ್ಲಮ್ಮ. ಟೋಪಿ ಸೊಟ್ಟಗಿದೆ,” ಎಂದು ವರ್ನಾ ಬಗ್ಗಿ ಪಿನ್ನು ಸರಿಮಾಡಿದಳು.

*

ಎಮಿಲ್‌ನನ್ನು ಬೇಲಿಯ ಬುಡದಲ್ಲೇ ಇಳಿಸಿದರು. ಗಾಳಿಗೆ ಪಾದ್ರಿಯ ಪುಸ್ತಕದ ಹಾಳೆ ಪಟಪಟ ಹೊಡೆದುಕೊಂಡಿತು. ರೂಬೆನ್‌ನ ಪುಟ್ಟ ಕಲ್ಲು ಆ ಕಡೆ, ಗೋರಿಗಳ ಸಾಲುಗಳಾಚೆ, ಇಲ್ಲಿಂದ ಕಾಣುತ್ತಲೇ ಇರಲಿಲ್ಲ. ವರ್ನಾ ಒಂದು ಹಿಡಿ ಮಣ್ಣು ಹಾಕಿದಳು. ತಪ್ಪಾಯಿತು ಅಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಚರ್ಚಿನಲ್ಲಿ ಊಟ ಕಾಯುತ್ತಿದೆ, ಹ್ಯಾಮು ಆರುತ್ತದೆ ಎಂದು ಯಾರೋ ಹೆಂಗಸು ಎಲ್ಲರನ್ನೂ ಹೊರಡಿಸಿದಳು.

ಬರುವಾಗ ಒಟೀಲಿಯಾ ಹಿಂದೆ ಕೂತಿದ್ದಳು. ಈಗ ಮಂಡಿ ಹಿಡಿದುಕೊಂಡಿದೆ, ಕಾಲು ಚಾಚಬೇಕು ಎನ್ನುತ್ತ ಮುಂದಿನ ಬಾಗಿಲು ತೆಗೆಸಿದಳು. ಅಷ್ಟು ವರ್ಷಗಳ ಮೇಲೆ ಆ ಸೀಟಿನಲ್ಲಿ ಕೂತು, ಲಂಗ ಸರಿಮಾಡಿಕೊಂಡು, ಎದುರಿಗೆ ನೋಡದೆಯೇ ಕೈ ಚಾಚಿ ಕೈಚೀಲವನ್ನು ಕರಿ ಹಿಡಿಕೆಗೆ ಸಿಕ್ಕಿಸಿದಳು. ಹಿಡಿಕೆ ನಿಧಾನಕ್ಕೆ ಕೆಳಗಿಳಿಯಿತು.

“ಜಾರುತ್ತಲ್ಲ ಇದು. ಏನೇ ಇದು ವರ್ನಾ?”

ಸ್ಟೇರಿಂಗ್ ಹಿಂದೆ ಕೂತು ಕೀಲಿ ತಿರುಗಿಸುತ್ತಿದ್ದ ವರ್ನಾಳ ಕೈ ಅಲ್ಲೇ ನಿಂತಿತು. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

“ಹೀಟರ್‌ದಮ್ಮ. ಹಳೇದು. ಕೆಲಸ ಮಾಡಲ್ಲ.”

ಅವಳು ಅಮ್ಮನ ಮೇಲಿಂದ ಬಗ್ಗಿ ಚೀಲವನ್ನು ಬಿಡಿಸಿ, ಬಾಗಿಲ ಬದಿಯ ಹಿತ್ತಾಳೆ ಕೊಕ್ಕೆಗೆ ಹಾಕಿದಳು. ಯಾರೂ ಮುಟ್ಟದ ಕೊಕ್ಕೆ, ಇನ್ನೂ ಹೊಸದರಂತೆಯೇ ಇತ್ತು. ಕಾರು ಸ್ಮಶಾನದ ಗೇಟಿನಲ್ಲಿ ತಿರುಗಿದಾಗ ಚೀಲ ಒಮ್ಮೆ ತೂಗಿತು. ಹಿಡಿಕೆ ತಾನಾಗಿ ಮೇಲೆದ್ದು ತನ್ನ ಜಾಗದಲ್ಲಿ ನಿಂತಿತ್ತು.